ರೆಕ್ಕೆಯ ಬಾಗು ಅಳೆಯುವುದು ನೆಲದ ಮೇಲೆಯೇ ಶುರುವಾಗುತ್ತದೆ

ಪುಣೆಯ ಲೋಹಗಾಂವ್ ನಿಲ್ದಾಣದಿಂದ ಬೆಂಗಳೂರಿಗೆ ಹೊರಡುವ ವಿಮಾನದಲ್ಲಿ ರೆಕ್ಕೆಯ ಹಿಂದಿನ ಕಿಟಕಿ ಸಿಕ್ಕರೆ ಒಂದು ಕೆಲಸ ಮಾಡಿ. ವಿಮಾನ ನಿಂತಿರುವಾಗ ರೆಕ್ಕೆಯ ತುದಿ ಕಿಟಕಿಯ ಚೌಕಟ್ಟಿನಲ್ಲಿ ಎಷ್ಟು ಎತ್ತರಕ್ಕೆ ಕಾಣುತ್ತದೆ ಎಂದು ಗುರುತಿಟ್ಟುಕೊಳ್ಳಿ. ಚಕ್ರ ನೆಲ ಬಿಟ್ಟ ಮೇಲೆ ಮತ್ತೆ ನೋಡಿ. ತುದಿ ಮೇಲೇರಿರುತ್ತದೆ. ಮಳೆಗಾಲದ ಮೋಡದೊಳಗೆ ನುಗ್ಗಿದಾಗ ಅದು ಕಾವಡಿಯ ಬಿದಿರಿನಂತೆ ಮೇಲೆ ಕೆಳಗೆ ತೂಗುತ್ತದೆ. ಪಕ್ಕದಲ್ಲಿ ಕುಳಿತವರು ಗಾಬರಿಯಾದರೆ ಧೈರ್ಯ ಹೇಳಿ. ಕಾವಡಿ ಬಳುಕುವುದರಿಂದಲೇ ಹೊತ್ತವನ ಹೆಗಲು ಉಳಿಯುತ್ತದೆ. ರೆಕ್ಕೆ ಬಳುಕುವುದರಿಂದ ಗಾಳಿಯ ಹೊಡೆತ ಅಷ್ಟಷ್ಟೇ ಒಡಲಿಗೆ ಇಳಿಯುತ್ತದೆ.

ಬೋಯಿಂಗ್ 787ರ ರೆಕ್ಕೆಯನ್ನು 2010ರ ಮಾರ್ಚ್ 28ರಂದು ನೆಲದ ಮೇಲೆ ಪರೀಕ್ಷಿಸಿದಾಗ, ಬಳಕೆಯಲ್ಲಿ ಬರಬಹುದಾದ ಅತಿ ಹೆಚ್ಚಿನ ಭಾರದ ಒಂದೂವರೆ ಪಟ್ಟು ಹೇರಿದರು. ತುದಿ ಸುಮಾರು 7.6 ಮೀಟರ್ ಮೇಲಕ್ಕೆ ಬಾಗಿತು, ಮುರಿಯಲಿಲ್ಲ. 1995ರ ಜನವರಿಯಲ್ಲಿ 777ರ ರೆಕ್ಕೆಯನ್ನು ಮುರಿಯುವವರೆಗೂ ಎಳೆದಾಗ ಅದು ಅಂಥದೇ ಅತಿ ಹೆಚ್ಚಿನ ಭಾರದ ಶೇ. 154ರಲ್ಲಿ ಮುರಿಯಿತು. ಬಾಗುವುದು ದೋಷವಲ್ಲ ಎನ್ನಲು ಇಷ್ಟು ಸಾಕು. ಇಂಥ ಭಾರಕ್ಕೆ ಇಷ್ಟೇ ಬಾಗಬೇಕು ಎಂದು ಲೆಕ್ಕ ಹಾಕಿದ್ದಕ್ಕಿಂತ ಬೇರೆ ರೀತಿ ಬಾಗಿದರೆ, ಅಥವಾ ನಿನ್ನೆ ಬಾಗಿದಂತೆ ಇಂದು ಬಾಗದಿದ್ದರೆ, ಆಗ ಯೋಚಿಸಬೇಕು. ಅದನ್ನು ಹಿಡಿಯಲು ಅಳತೆ ಬೇಕು.

ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯಿಂದ ಪುಣೆಗೆ ಎಂಜಿನಿಯರಿಂಗ್ ಓದಲು ಬಂದು ಎರಡು ಮೂರು ಮೀಟರ್ ರೆಕ್ಕೆಯ ಮಾನವರಹಿತ ವಿಮಾನ ಕಟ್ಟುತ್ತಿರುವ ನಮ್ಮವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇವೆ. ದೊಡ್ಡ ವಿಮಾನದಲ್ಲೂ ನಡೆಯುವುದು ಇದೇ, ಉಪಕರಣದ ಬೆಲೆ ಮಾತ್ರ ಬೇರೆ.

ಮೊದಲು ಸ್ಪಷ್ಟವಾಗಬೇಕಾದ ಸಂಗತಿ: ಹೆಚ್ಚಿನ ಸಂವೇದಕಗಳು ಬಾಗನ್ನು ಅಳೆಯುವುದೇ ಇಲ್ಲ. ಸ್ಟ್ರೇನ್ ಗೇಜ್ ಅಳೆಯುವುದು ತಾನು ಅಂಟಿಕೊಂಡ ಕೆಲವೇ ಮಿಲಿಮೀಟರ್ ಜಾಗ ಎಷ್ಟು ಹಿಗ್ಗಿತು ಅಥವಾ ಕುಗ್ಗಿತು ಎಂಬುದನ್ನು. 1938ರಲ್ಲಿ ಅಮೆರಿಕದಲ್ಲಿ ಸಿಮನ್ಸ್ ಮತ್ತು ರೂಜ್ ಎಂಬ ಇಬ್ಬರು ಬೇರೆ ಬೇರೆಯಾಗಿ ಕಂಡುಕೊಂಡ ಈ ಉಪಾಯ ಇಂದಿಗೂ ಹೆಚ್ಚು ಬದಲಾಗಿಲ್ಲ. ತೆಳು ಲೋಹದ ಹಾವಿನಂಥ ಗೆರೆ ಹಿಗ್ಗಿದರೆ ಅದರ ವಿದ್ಯುತ್ ರೋಧ ಏರುತ್ತದೆ. ಹತ್ತು ಲಕ್ಷದಲ್ಲಿ ಒಂದು ಭಾಗ ಹಿಗ್ಗಿದರೆ ಒಂದು ಮೈಕ್ರೋಸ್ಟ್ರೇನ್. ಅಲ್ಯೂಮಿನಿಯಂನಲ್ಲಿ 1,000 ಮೈಕ್ರೋಸ್ಟ್ರೇನ್ ಎಂದರೆ ಸುಮಾರು 70 ಮೆಗಾಪಾಸ್ಕಲ್ ಒತ್ತಡ. ಅಷ್ಟಾದರೂ 350 ಓಮ್‌ನ ಗೇಜ್‌ನಲ್ಲಿ ಆಗುವ ಬದಲಾವಣೆ ಬರೀ 0.7 ಓಮ್. ಆದ್ದರಿಂದಲೇ ಬ್ರಿಡ್ಜ್, ಅಂದರೆ ರೋಧದ ಸಣ್ಣ ವ್ಯತ್ಯಾಸವನ್ನು ವೋಲ್ಟೇಜ್ ಆಗಿ ತೋರಿಸುವ ನಾಲ್ಕು ಭುಜದ ಮಂಡಲ, ಕಟ್ಟಬೇಕು. ಸ್ಪಾರ್‌ನ, ಅಂದರೆ ರೆಕ್ಕೆಯ ಉದ್ದಕ್ಕೂ ಒಳಗೆ ಮಲಗಿರುವ ಮುಖ್ಯ ತೊಲೆಯ, ಮೇಲ್ಮೈಗೆ ಎರಡು, ಕೆಳಮೈಗೆ ಎರಡು ಗೇಜ್ ಅಂಟಿಸಿ ನಾಲ್ಕನ್ನೂ ಒಂದು ಬ್ರಿಡ್ಜ್‌ಗೆ ಸೇರಿಸಿದರೆ, 5 ವೋಲ್ಟ್ ಕೊಟ್ಟಾಗ 1,000 ಮೈಕ್ರೋಸ್ಟ್ರೇನ್‌ಗೆ 10 ಮಿಲಿವೋಲ್ಟ್ ಸಿಗುತ್ತದೆ. ಮೇಲಿನದು ಕುಗ್ಗುತ್ತದೆ, ಕೆಳಗಿನದು ಹಿಗ್ಗುತ್ತದೆ, ಬಾಗು ಕೂಡಿಕೊಳ್ಳುತ್ತದೆ. ಇಡೀ ಸ್ಪಾರ್ ಒಟ್ಟಿಗೆ ಬಿಸಿಯಾಗಿ ಹಿಗ್ಗಿದ್ದು ವಜಾ ಆಗುತ್ತದೆ.

ಅಂಟಿಸುವುದೇ ಅರ್ಧ ಕೆಲಸ, ಮತ್ತು ಹೆಚ್ಚಿನ ತಂಡಗಳು ಸೋಲುವುದು ಇಲ್ಲೇ. ಅಲ್ಯೂಮಿನಿಯಂ ಆದರೆ ಮೊದಲು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಜಿಡ್ಡು ತೆಗೆಯಿರಿ. ಉಜ್ಜಿದ ಮೇಲೆ ಜಿಡ್ಡು ತೆಗೆದರೆ ಪ್ರಯೋಜನವಿಲ್ಲ, ಎಣ್ಣೆ ಆಗಲೇ ಗೀರುಗಳೊಳಗೆ ಕೂತಿರುತ್ತದೆ. ಆಮೇಲೆ 320 ಅಥವಾ 400 ನಂಬರಿನ ವಾಟರ್ ಪೇಪರ್‌ನಿಂದ ಉಜ್ಜಿ, ಗಟ್ಟಿ ಪೆನ್ಸಿಲ್‌ನಿಂದ ಅಡ್ಡ ಉದ್ದ ಗೆರೆ ಎಳೆಯಿರಿ. ಮತ್ತೆ ಒರೆಸುವಾಗ ಹತ್ತಿಯನ್ನು ಒಂದೇ ದಿಕ್ಕಿಗೆ ಎಳೆದು ಎಸೆಯಿರಿ. ಹಿಂದೆ ಮುಂದೆ ಒರೆಸಿದರೆ ತೆಗೆದ ಕೊಳೆಯನ್ನೇ ಮರಳಿ ಹಚ್ಚಿದಂತೆ. ಗೇಜನ್ನು ಸೆಲ್ಲೋಟೇಪ್‌ನ ಮೇಲೆ ಕೂರಿಸಿ, ಗೆರೆಗೆ ಹೊಂದಿಸಿ, ಟೇಪಿನ ಒಂದು ತುದಿ ಎತ್ತಿ, ಸೈನೊಅಕ್ರಿಲೇಟ್ ಅಂಟಿನ ಒಂದೇ ಹನಿ ಹಾಕಿ, ಒರೆಸುವಂತೆ ಒತ್ತಿ, ಹೆಬ್ಬೆರಳಿನಿಂದ ಪೂರ್ತಿ ಒಂದು ನಿಮಿಷ ಅದುಮಿ ಹಿಡಿಯಿರಿ. ಬೆರಳಿನ ಬಿಸಿಯೂ ಅಂಟು ಹಿಡಿಯಲು ಬೇಕು. ಈ ಅಂಟು ತಿಂಗಳುಗಟ್ಟಲೆಯ ಕೆಲಸಕ್ಕಲ್ಲ, ತೇವದಲ್ಲಿ ಸೋಲುತ್ತದೆ. ವರ್ಷಗಟ್ಟಲೆ ಉಳಿಯಬೇಕಾದರೆ ಬಿಸಿಯಲ್ಲಿ ಗಟ್ಟಿಯಾಗುವ ಎಪಾಕ್ಸಿಯೇ ಸರಿ.

ಅಂಟಿಸಿದ ಮೇಲೆ ಗೇಜ್ ಮತ್ತು ಲೋಹದ ನಡುವಿನ ಇನ್ಸುಲೇಷನ್ ಪರೀಕ್ಷಿಸಿ. ಸಾವಿರ ಮೆಗಾಓಮ್‌ಗಿಂತ ಕಡಿಮೆ ಬಂದರೆ ಅಡಿಯಲ್ಲಿ ತೇವವೋ ಬೆಸುಗೆಯ ಫ್ಲಕ್ಸೋ ಉಳಿದಿದೆ ಎಂದು ತಿಳಿಯಿರಿ. ಇದಕ್ಕೆ ಮನೆ ವೈರಿಂಗ್ ನೋಡುವ 500 ವೋಲ್ಟಿನ ಮೆಗ್ಗರ್ ಬಳಸಬೇಡಿ, ಗೇಜ್‌ನ ತೆಳು ಹಾಳೆ ಸುಟ್ಟೀತು. 50 ವೋಲ್ಟ್ ಮೀರಬಾರದು. ಕೊನೆಗೆ ಮೇಲೊಂದು ಸಿಲಿಕೋನ್ ಹೊದಿಕೆ. ಅಂಗಡಿಯಲ್ಲಿ ಸಿಗುವ, ವಿನೆಗರ್ ವಾಸನೆ ಬರುವ ಸಿಲಿಕೋನ್ ಬೇಡವೇ ಬೇಡ. ಅದರಿಂದ ಹೊರಡುವ ಅಸಿಟಿಕ್ ಆಮ್ಲ ಗೇಜನ್ನೂ ಬೆಸುಗೆಯನ್ನೂ ತಿನ್ನುತ್ತದೆ. ನ್ಯೂಟ್ರಲ್ ಕ್ಯೂರ್ ಎಂದು ಕೇಳಿ ತನ್ನಿ. ಪುಣೆಯ ಜುಲೈ ತಿಂಗಳಲ್ಲಿ ಈ ಹೊದಿಕೆಯಿಲ್ಲದ ಗೇಜ್‌ನ ಸೊನ್ನೆ ದಿನದಿಂದ ದಿನಕ್ಕೆ ಸರಿಯುತ್ತಲೇ ಇರುತ್ತದೆ.

ಕಾರ್ಬನ್ ಫೈಬರ್ ಸ್ಪಾರ್ ಆದರೆ ಎಚ್ಚರಿಕೆ ಇನ್ನೂ ಹೆಚ್ಚು. ಕಾರ್ಬನ್ ವಿದ್ಯುತ್ತನ್ನು ಹರಿಸುತ್ತದೆ, ಆದ್ದರಿಂದ ಗೇಜ್‌ನ ಅಡಿಗೆ ಎಪಾಕ್ಸಿಯ ತೆಳು ಪದರ ಇರಲೇಬೇಕು. ಉಜ್ಜುವಾಗ ರಾಳ ಮಾತ್ರ ಹೋಗಬೇಕು, ಎಳೆ ಕತ್ತರಿಸಬಾರದು. ನೇಯ್ಗೆಯ ಬಟ್ಟೆಯಾದರೆ ಗೇಜ್‌ನ ಉದ್ದ ಕನಿಷ್ಠ 5-6 ಮಿಲಿಮೀಟರ್ ಇರಲಿ, ಇಲ್ಲವಾದರೆ ನೀವು ಅಳೆಯುವುದು ಒಂದು ಎಳೆಯ ಏರಿಳಿತವನ್ನು. ಕಾರ್ಬನ್ ಪಟ್ಟಿ ಬಿಸಿಯನ್ನು ಬೇಗ ಹೊರಹಾಕುವುದಿಲ್ಲ. 350 ಓಮ್ ಗೇಜ್‌ಗಳ ಬ್ರಿಡ್ಜ್‌ಗೆ 5 ವೋಲ್ಟ್ ಕೊಟ್ಟರೆ ಪ್ರತಿ ಗೇಜ್‌ನಲ್ಲೂ ಸುಮಾರು 18 ಮಿಲಿವ್ಯಾಟ್ ಬಿಸಿ ಹುಟ್ಟುತ್ತದೆ. 2 ವೋಲ್ಟ್‌ಗೆ ಇಳಿಸಿದರೆ 3 ಮಿಲಿವ್ಯಾಟ್ ಕೂಡ ಇಲ್ಲ. ಸಂಕೇತ ಸಣ್ಣದಾದರೂ ಅದೇ ಒಳ್ಳೆಯದು.

ಎಲ್ಲಕ್ಕಿಂತ ದೊಡ್ಡ ಗುಂಡಿ ತಾಪಮಾನದ್ದು. ಅಲ್ಯೂಮಿನಿಯಂ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ 23 ಮೈಕ್ರೋಸ್ಟ್ರೇನ್ ಹಿಗ್ಗುತ್ತದೆ. ಇದನ್ನು ತಾನೇ ಸರಿದೂಗಿಸಿಕೊಳ್ಳುವಂತೆ ಮಾಡಿದ ಗೇಜ್‌ಗಳನ್ನು ಅಲ್ಯೂಮಿನಿಯಂಗೆ, ಉಕ್ಕಿಗೆ ಎಂದು ಬೇರೆ ಬೇರೆ ಮಾರುತ್ತಾರೆ. ಅಲ್ಯೂಮಿನಿಯಂನ ಗೇಜನ್ನು ಕಾರ್ಬನ್‌ಗೆ ಅಂಟಿಸಿದರೆ? ಎಳೆಯ ದಿಕ್ಕಿನಲ್ಲಿ ಕಾರ್ಬನ್ ಬಿಸಿಗೆ ಹೆಚ್ಚುಕಡಿಮೆ ಹಿಗ್ಗುವುದೇ ಇಲ್ಲ. ಆಗ ಪ್ರತಿ ಡಿಗ್ರಿಗೂ ಸುಮಾರು 23 ಮೈಕ್ರೋಸ್ಟ್ರೇನ್ ಸುಳ್ಳು ಕುಗ್ಗುವಿಕೆ ಕಾಣುತ್ತದೆ. 20 ಡಿಗ್ರಿ ಬದಲಾದರೆ 460. ನಿಮ್ಮ ರೆಕ್ಕೆ ನೇರ ಹಾರಾಟದಲ್ಲಿ ತೋರುವ ನಿಜವಾದ ಸ್ಟ್ರೇನ್ ಅದಕ್ಕಿಂತ ಕಡಿಮೆಯೇ ಇರಬಹುದು! ನಾಲ್ಕು ಗೇಜ್‌ಗಳ ಬ್ರಿಡ್ಜ್ ಇದನ್ನು ವಜಾ ಮಾಡುತ್ತದೆ ನಿಜ, ಆದರೆ ನಾಲ್ಕೂ ಒಂದೇ ಬಿಸಿಯಲ್ಲಿದ್ದರೆ ಮಾತ್ರ. ಏಪ್ರಿಲ್ ಮಧ್ಯಾಹ್ನ ಬಿಸಿಲಲ್ಲಿ ನಿಲ್ಲಿಸಿದ ರೆಕ್ಕೆಯ ಮೇಲ್ಮೈ ಕೈ ಇಡಲಾರದಷ್ಟು ಸುಡುತ್ತಿರುತ್ತದೆ, ಕೆಳಮೈ ನೆರಳಲ್ಲಿರುತ್ತದೆ. ಹಾರಿದ ಮೊದಲ ಎರಡು ನಿಮಿಷದಲ್ಲಿ ಗಾಳಿ ಬಡಿದು ಮೇಲ್ಮೈ ತಣಿಯುತ್ತದೆ, ಬ್ರಿಡ್ಜ್ ಅದನ್ನು ಬಾಗು ಎಂದೇ ಬರೆದುಕೊಳ್ಳುತ್ತದೆ. ಆದ್ದರಿಂದ ರೆಕ್ಕೆಯನ್ನು ಬಿಳಿ ಬಟ್ಟೆಯಡಿ ಇಡಿ, ಪ್ರತಿ ಬ್ರಿಡ್ಜ್‌ನ ಬಳಿ ಮೇಲೊಂದು ಕೆಳಗೊಂದು ತಾಪಮಾನ ಸಂವೇದಕ ಇರಿಸಿ, ಬೆಳಿಗ್ಗೆ ಬೇಗ ಹಾರಿಸಿ.

ಈಗ ನೆಲದ ಮೇಲಿನ ತೂಕದ ವಿಷಯ. ಗೇಜ್ ಕೊಡುವುದು ಮಿಲಿವೋಲ್ಟ್. ನಿಮಗೆ ಬೇಕಿರುವುದು ರೆಕ್ಕೆಯ ಬುಡದಲ್ಲಿ ಎಷ್ಟು ಬಾಗಿಸುವ ಬಲ ಬಿತ್ತು, ಎಷ್ಟು ತಿರುಚಿತು, ತುದಿ ಎಷ್ಟು ಮೇಲೇರಿತು ಎಂಬುದು. ಇವೆರಡನ್ನೂ ಸೇರಿಸುವ ದಾರಿ ಸೂತ್ರದಿಂದ ಮಾತ್ರ ಸಿಗುವುದಿಲ್ಲ, ಗೊತ್ತಿರುವ ತೂಕವನ್ನು ಗೊತ್ತಿರುವ ಜಾಗದಲ್ಲಿ ಇಟ್ಟು ನೋಡಬೇಕು. 1954ರಲ್ಲಿ ನಾಸಾಗಿಂತ ಮುಂಚೆ ಅಮೆರಿಕದಲ್ಲಿದ್ದ ನಾಕಾ ಸಂಸ್ಥೆಯ ಸ್ಕೊಪಿನ್ಸ್ಕಿ, ಐಕನ್, ಹಸ್ಟನ್ ಎಂಬ ಮೂವರು 1178ನೇ ವರದಿಯಲ್ಲಿ ಇದರ ವಿಧಾನ ಬರೆದಿಟ್ಟರು. ಯುದ್ಧವಿಮಾನವಾಗಲಿ, ನಿಮ್ಮ ಮೂರು ಮೀಟರಿನ ಮಾದರಿಯಾಗಲಿ, ಇಂದಿಗೂ ಅದೇ ತಳಹದಿ.

ಮಾಡುವ ಕ್ರಮ ಹೀಗೆ. ವಿಮಾನವನ್ನು ಮಗುಚಿ, ಒಡಲನ್ನು ಗಟ್ಟಿಯಾದ ಸ್ಟ್ಯಾಂಡಿಗೆ ಬಿಗಿಯಿರಿ. ಹಾರುವಾಗ ಗಾಳಿ ರೆಕ್ಕೆಯನ್ನು ಮೇಲಕ್ಕೆ ಎತ್ತುತ್ತದೆ. ಮಗುಚಿದಾಗ ತೂಕವೂ ಅದೇ ದಿಕ್ಕಿಗೆ ಬಾಗಿಸುತ್ತದೆ. ಪ್ರತಿ ರೆಕ್ಕೆಯ ಉದ್ದಕ್ಕೆ ಐದಾರು ಕಡೆ, ಪ್ರತಿ ಕಡೆಯಲ್ಲೂ ಮುಂದಿನ ಅಂಚಿನ ಬಳಿ ಒಂದು, ಹಿಂದಿನ ಅಂಚಿನ ಬಳಿ ಒಂದು, ಹೀಗೆ ಹತ್ತು ಹನ್ನೆರಡು ಬಿಂದು ಗುರುತಿಸಿ. ಮರಳಿನ ಸಣ್ಣ ಚೀಲಗಳನ್ನು ಕಿರಾಣಿ ಅಂಗಡಿಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಮೇಲೆ ತೂಕ ಬರೆಯಿರಿ. ಒಂದೊಂದೇ ಬಿಂದುವಿನ ಮೇಲೆ ನಾಲ್ಕೈದು ಮೆಟ್ಟಿಲಲ್ಲಿ ಏರಿಸಿ, ಅದೇ ಮೆಟ್ಟಿಲಲ್ಲಿ ಇಳಿಸಿ. ಏರುವಾಗ ಬಂದ ಅಂಕಿ ಇಳಿಯುವಾಗ ಬರದಿದ್ದರೆ ಮುಂದೆ ಹೋಗಬೇಡಿ. ರೆಕ್ಕೆ ಒಡಲಿಗೆ ಸೇರುವ ಬೋಲ್ಟ್ ಸಡಿಲವಿರುತ್ತದೆ, ಇಲ್ಲವೇ ಅಂಟು ಜಾರುತ್ತಿರುತ್ತದೆ. ಮುಂದಿನ ಅಂಚಿಗೂ ಹಿಂದಿನ ಅಂಚಿಗೂ ಒಂದೇ ತೂಕ ಇಟ್ಟಾಗ ಬಾಗಿನ ಬ್ರಿಡ್ಜ್ ಬೇರೆ ಬೇರೆ ಅಂಕಿ ಕೊಟ್ಟರೆ ಆಶ್ಚರ್ಯ ಬೇಡ. ತಿರುಚುವಿಕೆ ಅದರೊಳಗೆ ಸೋರುತ್ತಿದೆ. ಎಲ್ಲ ಬ್ರಿಡ್ಜ್‌ಗಳ ಅಂಕಿಗಳನ್ನೂ ಒಟ್ಟಿಗೆ ಸೇರಿಸಿ ಲೀಸ್ಟ್ ಸ್ಕ್ವೇರ್ಸ್‌ನಿಂದ, ಅಂದರೆ ಒಟ್ಟು ತಪ್ಪು ಅತಿ ಕಡಿಮೆಯಾಗುವಂತೆ, ಗುಣಕ ಹುಡುಕುವುದು ಈ ಸೋರಿಕೆಯನ್ನು ಬೇರ್ಪಡಿಸಲಿಕ್ಕಾಗಿಯೇ. ಗುಣಕ ಹುಡುಕಲು ಬಳಸದ ಒಂದು ತೂಕದ ಜೋಡಣೆಯನ್ನು ಪಕ್ಕಕ್ಕಿಟ್ಟು, ಕೊನೆಗೆ ಅದರ ಮೇಲೆ ಪರೀಕ್ಷಿಸಿ.

ಇಷ್ಟಾದ ಮೇಲೆ ಬ್ರಿಡ್ಜ್‌ನ ಒಂದು ಭುಜಕ್ಕೆ ಅಡ್ಡಲಾಗಿ 100 ಕಿಲೋಓಮ್‌ನ ನಿಖರ ರೆಸಿಸ್ಟರ್ ಹಾಕಿ ನೋಡಿ. 350 ಓಮ್ ಗೇಜ್ ಆದರೆ ಸುಮಾರು 1,744 ಮೈಕ್ರೋಸ್ಟ್ರೇನ್‌ನಷ್ಟು ಜಿಗಿತ ಕಾಣಬೇಕು. ಹಾರಾಟದ ದಿನ ಮೈದಾನದಲ್ಲಿ ಮರಳಿನ ಚೀಲ ಇಡಲಾಗುವುದಿಲ್ಲ, ಈ ಜಿಗಿತವನ್ನು ಮಾತ್ರ ನೋಡಬಹುದು. ತೂಕ ಇಟ್ಟ ದಿನದ ಅಂಕಿಗೆ ಅದು ಹೊಂದಿದರೆ ತಂತಿ, ಆಂಪ್ಲಿಫೈಯರ್, ವೋಲ್ಟೇಜ್ ಎಲ್ಲ ಸರಿಯಿವೆ ಎಂದರ್ಥ. ಅಂಟು ಬಿಟ್ಟಿದ್ದರೆ ಮಾತ್ರ ಇದು ಹೇಳುವುದಿಲ್ಲ.

ಸ್ಟ್ರೇನ್‌ನಿಂದ ಆಕಾರಕ್ಕೆ ಹೋಗುವ ಲೆಕ್ಕವನ್ನೂ ಕೈಯಲ್ಲಿ ಒಮ್ಮೆ ಮಾಡಿ. ಸ್ಟ್ರೇನನ್ನು ಸ್ಪಾರ್‌ನ ಅರ್ಧ ದಪ್ಪದಿಂದ ಭಾಗಿಸಿದರೆ ಆ ಜಾಗದ ವಕ್ರತೆ ಸಿಗುತ್ತದೆ. ವಕ್ರತೆಯನ್ನು ಉದ್ದಕ್ಕೂ ಎರಡು ಬಾರಿ ಕೂಡಿಸಿದರೆ ಬಾಗು. 24 ಮಿಲಿಮೀಟರ್ ದಪ್ಪದ ಸ್ಪಾರ್, 1.5 ಮೀಟರ್ ಉದ್ದದ ಒಂದು ಬದಿಯ ರೆಕ್ಕೆ, ಬುಡದಲ್ಲಿ 800 ಮೈಕ್ರೋಸ್ಟ್ರೇನ್ ಎಂದುಕೊಳ್ಳಿ. ವಕ್ರತೆ ಉದ್ದಕ್ಕೂ ಒಂದೇ ಎಂದು ಹಿಡಿದರೆ ತುದಿ 75 ಮಿಲಿಮೀಟರ್ ಏರುತ್ತದೆ. ತುದಿಯತ್ತ ಸಮನಾಗಿ ಸೊನ್ನೆಗೆ ಇಳಿಯುತ್ತದೆ ಎಂದರೆ 50. ಒಂದೇ ಅಂಕಿ, ಎರಡು ಉತ್ತರ. ಬುಡದಲ್ಲಿ ಒಂದೇ ಬ್ರಿಡ್ಜ್ ಇಟ್ಟು ತುದಿಯ ಬಾಗು ಹೇಳುವವರ ಮಾತು ನಂಬಲಾಗದ್ದು ಇದಕ್ಕೇ. ಉದ್ದಕ್ಕೆ ಕನಿಷ್ಠ ನಾಲ್ಕೈದು ಕಡೆ ಅಳತೆ ಬೇಕು. ನಾಸಾದ ವಿಲಿಯಂ ಕೋ ಈ ಕೂಡಿಕೆಯನ್ನು ದಪ್ಪ ಬದಲಾಗುವ ರೆಕ್ಕೆಗೂ ಹೊಂದುವಂತೆ ಬೆಳೆಸಿದರು.

ಅಲ್ಲೇ ಬೆಳಕಿನ ತಂತು, ಅಂದರೆ ಆಪ್ಟಿಕಲ್ ಫೈಬರ್, ಗೆಲ್ಲುವುದು. ಕೂದಲೆಳೆಯಷ್ಟು ತೆಳುವಾದ ಗಾಜಿನ ತಂತುವಿನೊಳಗೆ ಅಲ್ಲಲ್ಲಿ ಬ್ರಾಗ್ ಗ್ರೇಟಿಂಗ್ ಎಂಬ ಸೂಕ್ಷ್ಮ ಗೆರೆಗಳ ಸಾಲು ಬರೆದಿರುತ್ತಾರೆ. ಪ್ರತಿಯೊಂದೂ ಒಂದು ಬಣ್ಣದ ಬೆಳಕನ್ನು ಮಾತ್ರ ಹಿಂದಕ್ಕೆ ತಿರುಗಿಸುತ್ತದೆ. ತಂತು ಹಿಗ್ಗಿದರೆ ಆ ಬಣ್ಣ ಸರಿಯುತ್ತದೆ. 1550 ನ್ಯಾನೋಮೀಟರ್ ಬಳಿ ಒಂದು ಮೈಕ್ರೋಸ್ಟ್ರೇನ್‌ಗೆ ಸುಮಾರು 1.2 ಪಿಕೋಮೀಟರ್, ಒಂದು ಡಿಗ್ರಿಗೆ ಸುಮಾರು 10 ಪಿಕೋಮೀಟರ್. ಅಂದರೆ ಒಂದು ಡಿಗ್ರಿ ತಪ್ಪಿದರೆ ಎಂಟು ಮೈಕ್ರೋಸ್ಟ್ರೇನ್ ತಪ್ಪು. ಇಲ್ಲೂ ತಾಪಮಾನ ಬೆನ್ನು ಬಿಡುವುದಿಲ್ಲ. ಮೋಟರಿನ ವಿದ್ಯುತ್ ಗದ್ದಲ ಇದಕ್ಕೆ ತಾಗುವುದಿಲ್ಲ, ಒಂದೇ ತಂತುವಿನಲ್ಲಿ ಹತ್ತಾರು ಬಿಂದು ಸಿಗುತ್ತವೆ. ತಂತುವನ್ನು ಬಿಗಿಯಾಗಿ ಮಡಚಿದರೆ ಬೆಳಕು ಸೋರುತ್ತದೆ, ಸ್ಪಾರ್‌ನಿಂದ ಹೊರಬರುವ ಜಾಗದಲ್ಲಿ ಸುಲಭವಾಗಿ ಮುರಿಯುತ್ತದೆ. ಓದುವ ಯಂತ್ರದ ಬೆಲೆ ಕಾಲೇಜು ತಂಡಕ್ಕೆ ಎಟುಕುವುದಿಲ್ಲ.

ಇದರ ಉಪಯೋಗ ನಮ್ಮಲ್ಲೇ ಆಗಿದೆ ಎನ್ನುವುದು ಹೆಮ್ಮೆಯ ಸಂಗತಿ. ಬೆಂಗಳೂರಿನಲ್ಲಿರುವ ಡಿಆರ್‌ಡಿಒದ ಪ್ರಯೋಗಾಲಯ ಎಡಿಇ ರೂಪಿಸಿದ ಮಾನವರಹಿತ ವಿಮಾನ ನಿಶಾಂತ್‌ನಲ್ಲಿ ಇಂಥ ತಂತುಗಳನ್ನು ತಯಾರಿಕೆಯ ಹಂತದಲ್ಲೇ ಕಾಂಪೋಸಿಟ್‌ನೊಳಗೆ ಹುದುಗಿಸಿ ಹಾರಿಸಿದರು. ನೆಲದ ಮೇಲೆ ಸರಿಯಾಗಿ ತೂಗಿ ನೋಡಿದ್ದರಿಂದ ಸ್ಟ್ರೇನ್ ಯಾವುದು, ತಾಪಮಾನ ಯಾವುದು ಎಂದು ಬೇರ್ಪಡಿಸಲು ಸಾಧ್ಯವಾಯಿತು. ಇಳಿಯುವ ಹೊತ್ತಿಗೆ ರಚನೆಯ ಒಂದು ಕಡೆ ಕ್ಷಣಕಾಲ ತಲೆದೋರಿದ ಸಣ್ಣ ಅಸ್ಥಿರತೆಯನ್ನೂ ಆ ದಾಖಲೆ ಹಿಡಿಯಿತು. ಹೊರಗಿನಿಂದ ನೋಡಿದವರಿಗೆ ಅದು ಕಾಣುವಂಥದ್ದಲ್ಲ.

ಅಳತೆ ಇಲ್ಲದಾಗ ಏನಾಗುತ್ತದೆ ಎನ್ನಲು ಹೀಲಿಯೋಸ್ ಇದೆ. ನಾಸಾದ ಈ ಸೌರ ವಿಮಾನಕ್ಕೆ 75 ಮೀಟರ್ ಅಗಲದ ರೆಕ್ಕೆ, ಅದು ಬಿಟ್ಟರೆ ಹೆಚ್ಚುಕಡಿಮೆ ಏನೂ ಇಲ್ಲ. 2003ರ ಜೂನ್ 26ರಂದು ಹವಾಯಿಯ ಕವಾಯಿ ದ್ವೀಪದ ಬಳಿ ಗಾಳಿಯ ಕಲಕಿಗೆ ಸಿಕ್ಕಿ ರೆಕ್ಕೆ ತೀರಾ ಮೇಲಕ್ಕೆ ಬಾಗಿ ಹಾಗೆಯೇ ಉಳಿಯಿತು. ಆ ಆಕಾರದಲ್ಲಿ ವಿಮಾನದ ಮೂಗು ಮೇಲೆ ಕೆಳಗೆ ಆಡುವುದು ಪ್ರತಿ ಸುತ್ತಿಗೂ ಹೆಚ್ಚುತ್ತಾ ಹೋಗಿ, ವೇಗ ಮಿತಿ ಮೀರಿ, ಹೊದಿಕೆ ಕಿತ್ತು, ವಿಮಾನ ಸಮುದ್ರಕ್ಕೆ ಬಿತ್ತು. ರೆಕ್ಕೆಯ ಬಾಗನ್ನು ಆ ಕ್ಷಣದಲ್ಲೇ ಅಳೆದು ಹಾರಿಸುವವರ ಕಣ್ಣಮುಂದೆ ತೋರಿಸುವ ವ್ಯವಸ್ಥೆ ಬೇಕು ಎಂದು ತನಿಖೆಯ ವರದಿ ಹೇಳಿತು. ಐದು ವರ್ಷದ ನಂತರ, 2008ರಲ್ಲಿ, ನಾಸಾ ಇಖಾನಾ ಎಂಬ ವಿಮಾನದ ರೆಕ್ಕೆಯ ಮೇಲೆ ಬೆಳಕಿನ ತಂತು ಹಾಸಿ ಹಾರಿಸಿತು.

ಕ್ಯಾಮೆರಾದಿಂದ ಅಳೆಯುವುದು ಅಗ್ಗದ ದಾರಿ, ಮತ್ತು ಆಕಾರವನ್ನು ನೇರವಾಗಿ ಕೊಡುತ್ತದೆ. ಒಡಲಿನ ಮೇಲೆ ಕ್ಯಾಮೆರಾ, ರೆಕ್ಕೆಯ ಮೇಲೆ ಕಪ್ಪು ಬಿಳುಪು ಚುಕ್ಕೆ. ಕ್ಯಾಮೆರಾ ಕೂಡ ಅಲುಗುತ್ತದೆ, ಆದ್ದರಿಂದ ಬಾಗದ ಬುಡದಲ್ಲಿ ಎರಡು ಮೂರು ಚುಕ್ಕೆ ಇಟ್ಟು ಅವುಗಳ ಚಲನೆಯನ್ನು ಉಳಿದವುಗಳಿಂದ ಕಳೆಯಿರಿ. ಎಕ್ಸ್‌ಪೋಷರ್ ಸೆಕೆಂಡಿನ ಸಾವಿರದಲ್ಲಿ ಒಂದು ಭಾಗಕ್ಕೆ ಕಟ್ಟಿ. ಅಗ್ಗದ ಕ್ಯಾಮೆರಾಗಳು ಚಿತ್ರವನ್ನು ಸಾಲು ಸಾಲಾಗಿ ಓದುವುದರಿಂದ, ನಡುಗುವಾಗ ನೆಟ್ಟಗಿರುವ ರೆಕ್ಕೆಯೂ ಅಲೆಯಾಗಿ ಕಾಣುತ್ತದೆ. ಇಡೀ ಚಿತ್ರವನ್ನು ಒಮ್ಮೆಗೇ ಹಿಡಿಯುವ ಗ್ಲೋಬಲ್ ಶಟರ್ ಇರುವುದು ಬೇಕು. ಚಿತ್ರದ ಗಡಿಯಾರವನ್ನೂ ಸ್ಟ್ರೇನ್‌ನ ಗಡಿಯಾರವನ್ನೂ ಹೊಂದಿಸಲು ಚಿತ್ರದೊಳಗೆ ಒಂದು ಎಲ್‌ಇಡಿ ಮಿನುಗಿಸಿ, ಅದೇ ಕ್ಷಣವನ್ನು ದಾಖಲೆಯಲ್ಲೂ ಗುರುತಿಸಿ.

ವೇಗದ ಬದಲಾವಣೆ ಅಳೆಯುವ ಆಕ್ಸಲರೋಮೀಟರ್‌ನಿಂದ ಬಾಗು ಅಳೆಯುತ್ತೇವೆ ಎನ್ನುವವರಿಗೆ ಒಂದು ಲೆಕ್ಕ: ಅದರ ಸೊನ್ನೆ ಬರೀ ನೂರರಲ್ಲಿ ಒಂದು ಗುರುತ್ವದಷ್ಟು ತಪ್ಪಿದ್ದರೂ ಎರಡು ಬಾರಿ ಕೂಡಿಸಿದಾಗ ಹತ್ತು ಸೆಕೆಂಡಿನಲ್ಲಿ ಐದು ಮೀಟರ್ ತಪ್ಪು. ಅದನ್ನು ಕಂಪನಕ್ಕೆ ಬಳಸಿ. ರೆಕ್ಕೆ ಸೆಕೆಂಡಿಗೆ ಎಷ್ಟು ಬಾರಿ ತೂಗುತ್ತದೆ, ಗಾಳಿಯ ವೇಗ ಏರಿದಂತೆ ಆ ತೂಗಾಟ ಎಷ್ಟು ಬೇಗ ಅಡಗುತ್ತದೆ ಎಂಬುದನ್ನು ಅದು ಚೆನ್ನಾಗಿ ಹೇಳುತ್ತದೆ. ಅಡಗುವುದು ನಿಧಾನವಾಗುತ್ತಾ ಬಂದರೆ ಫ್ಲಟರ್, ಅಂದರೆ ತೂಗಾಟ ತಾನೇ ಬೆಳೆದು ರೆಕ್ಕೆಯನ್ನೇ ಮುರಿಯಬಲ್ಲ ಸ್ಥಿತಿ, ಹತ್ತಿರವಾಗುತ್ತಿದೆ. ವೇಗ ಹೆಚ್ಚಿಸುವುದನ್ನು ಅಲ್ಲಿಗೇ ನಿಲ್ಲಿಸಿ.

ಬುಧವಾರ ಪೇಠೆಯ ಪಾಸೋಡ್ಯಾ ವಿಠೋಬಾ ಗುಡಿಯ ಸುತ್ತಲಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ, ಮುಂಬೈಯಲ್ಲಾದರೆ ಲ್ಯಾಮಿಂಗ್ಟನ್ ರೋಡಿನಲ್ಲಿ, ಬ್ರಿಡ್ಜ್‌ನ ಸಂಕೇತ ಓದುವ ಎಚ್‌ಎಕ್ಸ್ 711 ಬೋರ್ಡ್ ಕೇಳಿದ ಕೂಡಲೇ ಕೊಡುತ್ತಾರೆ. 24 ಬಿಟ್ ಎಂದು ಮರುಳಾಗಬೇಡಿ. ಅದು ತಕ್ಕಡಿಗೆಂದು ಮಾಡಿದ ಚಿಪ್, ಸೆಕೆಂಡಿಗೆ 10 ಅಥವಾ 80 ಬಾರಿ ಮಾತ್ರ ಓದುತ್ತದೆ. ನೆಲದ ಮೇಲೆ ತೂಕ ಇಡುವ ಕೆಲಸಕ್ಕೆ ಸಾಕು. ರೆಕ್ಕೆ ಸೆಕೆಂಡಿಗೆ ಎಂಟು ಬಾರಿ ತೂಗುತ್ತಿದ್ದರೆ 80 ತೀರಾ ಅಂಚಿನ ಮಾತು, ಎರಡು ಬೋರ್ಡ್‌ಗಳ ಓದು ಒಂದೇ ಕ್ಷಣಕ್ಕೆ ಬೀಳುವುದೂ ಇಲ್ಲ. ಹಾರಾಟಕ್ಕೆ ಎಡಿಎಸ್ 1256ನಂಥ ವೇಗದ ಚಿಪ್ ಹಾಕಿ. ತಂತಿಗಳನ್ನು ಹೆಣೆದು, ಶೀಲ್ಡನ್ನು ಒಂದೇ ತುದಿಯಲ್ಲಿ ನೆಲಕ್ಕೆ ಸೇರಿಸಿ, ಮೋಟರಿನ ವೇಗ ನಿಯಂತ್ರಿಸುವ ಇಎಸ್‌ಸಿಯಿಂದ ದೂರ ಎಳೆಯಿರಿ. ಐದು ಸೆಂಟಿಮೀಟರ್‌ಗೊಮ್ಮೆ ತಂತಿಯನ್ನು ಅಂಟಿಸಿ, ಗೇಜ್‌ನ ಬಳಿ ಸಣ್ಣ ಕುಣಿಕೆ ಬಿಡಿ. ಹಾರಾಟದಲ್ಲಿ ಕೆಡುವುದು ಹೆಚ್ಚಾಗಿ ಗೇಜ್ ಅಲ್ಲ, ಅದರ ಬೆಸುಗೆ.

ಎಲ್ಲಿ ಹಾರಿಸುತ್ತೀರಿ ಎಂಬುದನ್ನು ಮೊದಲೇ ಸರ್ಕಾರದ ಡ್ರೋನ್ ನಕ್ಷೆಯಾದ ಡಿಜಿಟಲ್ ಸ್ಕೈಯಲ್ಲಿ ನೋಡಿಕೊಳ್ಳಿ. ಲೋಹಗಾಂವ್ ವಾಯುಪಡೆಯ ನೆಲೆಯೂ ಹೌದು, ಖಡಕ್‌ವಾಸ್ಲಾದಲ್ಲಿ ಸೇನಾ ತರಬೇತಿಯ ಎನ್‌ಡಿಎ ಇದೆ. ನಗರದ ಬಹಳಷ್ಟು ಬಯಲುಗಳಲ್ಲಿ ಅನುಮತಿಯಿಲ್ಲದೆ ಹಾರಿಸುವ ಹಾಗಿಲ್ಲ.

ಹಾರಿದ ಮೇಲೆ ಮೊದಲು ನೇರ, ಸಮ ಹಾರಾಟದಲ್ಲಿ ಅರ್ಧ ನಿಮಿಷ ದಾಖಲಿಸಿ. ಎತ್ತರ ಬಿಡದೆ 45 ಡಿಗ್ರಿ ವಾಲಿಸಿ ತಿರುಗಿಸಿದರೆ ರೆಕ್ಕೆಯ ಮೇಲಿನ ಭಾರ 1.41 ಪಟ್ಟು, 60 ಡಿಗ್ರಿಗೆ 2 ಪಟ್ಟು. ಒಡಲಿನ ನಡುವೆ ಇಟ್ಟ ಆಕ್ಸಲರೋಮೀಟರ್ ಇದೇ ಅಂಕಿ ಹೇಳಬೇಕು, ಬುಡದ ಬ್ರಿಡ್ಜ್ ಕೂಡ ಅದೇ ಪಾಲಿನಲ್ಲಿ ಏರಬೇಕು. ಮೂರು ಬಿಂದುಗಳೂ ಒಂದು ನೇರ ಗೆರೆಯ ಮೇಲೆ ಬರದಿದ್ದರೆ ಮಿಕ್ಕ ದಾಖಲೆಯನ್ನು ತೆರೆಯುವ ಅಗತ್ಯವಿಲ್ಲ.

ನೆಲದ ತೂಕದ ಬಗ್ಗೆ ಇಷ್ಟು ಒತ್ತಿ ಹೇಳಲು ದಣಿವಿನ, ಅಂದರೆ ಮತ್ತೆ ಮತ್ತೆ ಭಾರ ಬಿದ್ದು ರಚನೆ ಸೋಲುವುದರ, ಲೆಕ್ಕವೂ ಕಾರಣ. ಏರಿಳಿತಗಳನ್ನು ರೇನ್‌ಫ್ಲೋ ವಿಧಾನದಿಂದ ಎಣಿಸಿ, 1968ರಲ್ಲಿ ಜಪಾನಿನ ಮತ್ಸುಯಿಶಿ ಮತ್ತು ಎಂಡೊ ತೋರಿಸಿಕೊಟ್ಟಂತೆ, ಪ್ರತಿಯೊಂದು ಎಷ್ಟು ಆಯಸ್ಸು ತಿಂದಿತು ಎಂದು ಕೂಡಿಸುತ್ತಾರೆ. ಹಾನಿ ಒತ್ತಡದ ನಾಲ್ಕನೇ ಘಾತದಂತೆ ಏರುತ್ತದೆ ಎಂದಿಟ್ಟುಕೊಂಡರೆ, ಗುಣಕದಲ್ಲಿ ಶೇ. 5ರ ತಪ್ಪು ಆಯಸ್ಸಿನ ಲೆಕ್ಕದಲ್ಲಿ ಶೇ. 20ಕ್ಕೂ ಹೆಚ್ಚಿನ ತಪ್ಪಾಗುತ್ತದೆ. ಗಂಟೆ ಮಾತ್ರ ಎಣಿಸಿದರೆ ಸಾಲದು ಎನ್ನುವುದಕ್ಕೆ 1988ರ ಏಪ್ರಿಲ್ 28ರಂದು ಹವಾಯಿಯ ಮೇಲೆ ಒಡಲಿನ ಮೇಲ್ಛಾವಣಿ ಹಾರಿಹೋದ ಅಲೋಹಾ ವಿಮಾನವೇ ಸಾಕ್ಷಿ. ಹಾರಿದ್ದು 35,496 ಗಂಟೆ, ಆದರೆ ದ್ವೀಪದಿಂದ ದ್ವೀಪಕ್ಕೆ ಜಿಗಿದು ಜಿಗಿದು 89,680 ಬಾರಿ ಒಡಲು ಉಬ್ಬಿ ಇಳಿದಿತ್ತು.

ಇಳಿದ ಕೂಡಲೇ ಬ್ಯಾಟರಿ ಕಳಚಬೇಡಿ. ರೆಕ್ಕೆಯನ್ನು ನೆರಳಿಗೆ ತಂದು, ಹತ್ತು ನಿಮಿಷ ತಣಿಯಲು ಬಿಟ್ಟು, ಹಾರುವ ಮುಂಚೆ ಇಟ್ಟಿದ್ದ ಹಾಗೆಯೇ ಸ್ಟ್ಯಾಂಡಿನ ಮೇಲೆ ಇಟ್ಟು ಸೊನ್ನೆ ಓದಿ. ಹತ್ತಿಪ್ಪತ್ತು ಮೈಕ್ರೋಸ್ಟ್ರೇನ್ ಆಚೀಚೆ ಆದರೆ ಚಿಂತೆ ಬೇಡ. ನೂರು ದಾಟಿದರೆ ಮೊದಲು ಮೇಲಿನ ಕೆಳಗಿನ ತಾಪಮಾನ ಹೋಲಿಸಿ. ಅದು ಸಮವಾಗಿದ್ದರೆ ರೆಸಿಸ್ಟರ್ ಹಾಕಿ ಜಿಗಿತ ನೋಡಿ. ಜಿಗಿತವೂ ಸರಿಯಿದ್ದರೆ ಪೆನ್ಸಿಲಿನ ರಬ್ಬರ್ ತುದಿಯಿಂದ ಗೇಜ್‌ನ ಮೇಲೆ ಮೆಲ್ಲಗೆ ಒತ್ತಿ. ಒತ್ತಿದಾಗ ಅಂಕಿ ಜಿಗಿದು, ಬಿಟ್ಟಾಗ ಮರಳದಿದ್ದರೆ ಅಂಟು ಬಿಟ್ಟಿದೆ, ಹೊಸದು ಅಂಟಿಸಿ. ಇದೆಲ್ಲ ಸರಿಯಿದ್ದೂ ಸೊನ್ನೆ ಮರಳಲಿಲ್ಲವೆಂದರೆ ಗೇಜ್ ನಿಜವನ್ನೇ ಹೇಳುತ್ತಿದೆ. ಹೊದಿಕೆ ಬಿಚ್ಚಿ, ಬುಡದ ಬೋಲ್ಟಿನ ಸುತ್ತ ಸ್ಪಾರ್‌ನಲ್ಲಿ ಬಿರುಕು ಹುಡುಕಿ.